ಫಾರ್ಮ್ಯಾಟ್ ಹೊಡೆಯುವ ಮುನ್ನ: ಫೈಲ್ ಎಕ್ಸ್‌ಪ್ಲೋರರ್ ಯಾಕೆ ತಡವರಿಸುತ್ತಿದೆ, ಯಾವ ಸಾಫ್ಟ್‌ವೇರ್ ಅದನ್ನು ಬೀಳಿಸುತ್ತಿದೆ ಎಂದು ಪತ್ತೆ ಮಾಡುವುದು ಹೇಗೆ?

ಬೆಳಗಾವಿಯಲ್ಲಿ ಕಂಪ್ಯೂಟರ್ ನಿಧಾನವಾಗಿದೆ ಎಂದು ಯಾರಿಗಾದರೂ ಹೇಳಿ ನೋಡಿ. "ಫಾರ್ಮ್ಯಾಟ್ ಹೊಡೀರಿ, ಎಲ್ಲಾ ಸರಿ ಆಗತೈತಿ" ಎಂಬ ಉತ್ತರ ಚಹಾ ಬರುವ ಮೊದಲೇ ಬರುತ್ತದೆ. ಜನ ಹೊಡೆಸುತ್ತಾರೆ ಕೂಡ. ಎರಡು ದಿನ ಮಷಿನ್ ಚುರುಕಾಗಿ ಓಡುತ್ತದೆ. ಆಮೇಲೆ ಪ್ರಿಂಟರ್ ಡ್ರೈವರ್, ಕನ್ನಡ ಫಾಂಟು, ಕೋರಲ್, ಫೋಟೋಶಾಪ್, ಝಿಪ್ ಬಿಚ್ಚುವ ಸಾಫ್ಟ್‌ವೇರ್, ಆಂಟಿವೈರಸ್ ಎಲ್ಲ ಒಂದೊಂದಾಗಿ ವಾಪಸ್ ಬಂದು ಕೂರುತ್ತವೆ. ಅವುಗಳ ಜೊತೆ ಹಳೆಯ ಕಾಟವೂ ಬರುತ್ತದೆ. ಬರಲೇಬೇಕು ಅಲ್ವಾ? ಕಾಟ ಕೊಡುತ್ತಿದ್ದದ್ದು ಅವುಗಳಲ್ಲೇ ಒಂದು. ಅದನ್ನು ಗುರುತಿಸದೆ ಇಡೀ ಮಷಿನ್ ಅಳಿಸಿ, ಮತ್ತೆ ಅದನ್ನೇ ಹಾಕಿದರೆ ಒಂದು ದಿನದ ದುಡಿಮೆ ಹಾಳು, ಅಷ್ಟೇ.

ಈ ಬರಹ ವಿಂಡೋಸ್ 10 ಮತ್ತು 11 ಬಳಸುವವರಿಗೆ. ಫೋಲ್ಡರ್ ತೆರೆದರೆ ಮೇಲಿನ ಹಸಿರು ಪಟ್ಟಿ ಓಡುತ್ತಲೇ ಇರುವುದು, ರೈಟ್ ಕ್ಲಿಕ್ ಮಾಡಿದರೆ ಮೆನು ಬರಲು ಹೊತ್ತು ಹಿಡಿಯುವುದು, ಇದ್ದಕ್ಕಿದ್ದಂತೆ ಟಾಸ್ಕ್‌ಬಾರ್ ಸಮೇತ ಎಲ್ಲವೂ ಮಾಯವಾಗಿ ಮತ್ತೆ ಬರುವುದು, ಇವುಗಳಿಗೆ ಇಲ್ಲಿ ದಾರಿ ಇದೆ. ದುಡ್ಡು ಕೊಡಬೇಕಾದ ಯಾವ ಸಾಫ್ಟ್‌ವೇರೂ ಬೇಡ.

ಒಳಗೆ ನಡೆಯುವುದೇನು?

ಫೈಲ್ ಎಕ್ಸ್‌ಪ್ಲೋರರ್ ಬರೀ ಫೋಲ್ಡರ್ ತೋರಿಸುವ ಕಿಟಕಿಯಲ್ಲ. ಡೆಸ್ಕ್‌ಟಾಪ್ ಮತ್ತು ಟಾಸ್ಕ್‌ಬಾರ್ ನಡೆಸುವುದೂ ಅದೇ ಪ್ರೋಗ್ರಾಂ. ಅದಕ್ಕೇ ಅದು ಬಿದ್ದರೆ ಕೆಳಗಿನ ಪಟ್ಟಿಯೂ ಹೋಗುತ್ತದೆ.

ಬೇರೆ ಕಂಪನಿಗಳ ಸಾಫ್ಟ್‌ವೇರ್‌ಗಳು ತಮ್ಮ ತುಣುಕುಗಳನ್ನು ಈ ಎಕ್ಸ್‌ಪ್ಲೋರರ್ ಒಳಗೆ ಸೇರಿಸಲು ವಿಂಡೋಸ್ ಅವಕಾಶ ಕೊಟ್ಟಿದೆ. ಇವುಗಳ ಹೆಸರು ಶೆಲ್ ಎಕ್ಸ್‌ಟೆನ್ಶನ್. ರೈಟ್ ಕ್ಲಿಕ್ ಮೆನುವಿನಲ್ಲಿ "ಸ್ಕ್ಯಾನ್ ಮಾಡು", "ಇಲ್ಲೇ ಬಿಚ್ಚು" ಎಂಬ ಸಾಲು ಸೇರಿಸುವುದು ಒಂದು ಬಗೆ. ಫೈಲಿನ ಐಕಾನ್ ಮೂಲೆಯಲ್ಲಿ ಹಸಿರು ಟಿಕ್, ಮೋಡದ ಚಿತ್ರ ಅಂಟಿಸುವುದು ಇನ್ನೊಂದು ಬಗೆ. ಫೋಟೋ, ವಿಡಿಯೋ, ಡ್ರಾಯಿಂಗ್ ಫೈಲಿನ ಪುಟ್ಟ ಚಿತ್ರ ಅಂದರೆ ಥಂಬ್‌ನೇಲ್ ತಯಾರಿಸುವುದು ಮತ್ತೊಂದು. ಬಲಗಡೆಯ ಪ್ರಿವ್ಯೂ ಪೇನ್‌ನಲ್ಲಿ ಫೈಲ್ ತೋರಿಸುವುದು, ಫೋಟೋದ ಅಳತೆ, ವಿಡಿಯೋದ ಅವಧಿ ಓದಿ ಹೇಳುವುದು, ಇವೂ ಇವೆ.

ಮೆನು ಮತ್ತು ಐಕಾನ್ ತುಣುಕುಗಳು ಎಕ್ಸ್‌ಪ್ಲೋರರ್‌ನ ಪಕ್ಕದಲ್ಲಿ ಓಡುವುದಿಲ್ಲ, ಅದರ ಹೊಟ್ಟೆಯೊಳಗೇ ಓಡುತ್ತವೆ. ಒಂದೇ ಅಡುಗೆಮನೆಯಲ್ಲಿ ಐದು ಬಾಡಿಗೆ ಸಂಸಾರ ಅಡುಗೆ ಮಾಡಿದ ಹಾಗೆ. ಒಬ್ಬರು ಗ್ಯಾಸ್ ಆರಿಸದೆ ಹೋದರೆ ತೊಂದರೆ ಎಲ್ಲರಿಗೂ. ಒಂದು ತುಣುಕು ತಪ್ಪು ಮಾಡಿದರೆ ವಿಂಡೋಸ್ ಅದೊಂದನ್ನೇ ಹೊರಗೆ ಹಾಕಲಾಗದು, ಎಕ್ಸ್‌ಪ್ಲೋರರ್ ಪೂರ್ತಿ ಬೀಳುತ್ತದೆ. ಒಂದು ತುಣುಕು ಎಲ್ಲೋ ಉತ್ತರಕ್ಕೆ ಕಾಯುತ್ತಾ ಕೂತರೆ ಕಿಟಕಿಯೂ ಕಾಯುತ್ತದೆ. ಬೈಗುಳ ಮಾತ್ರ ವಿಂಡೋಸ್‌ಗೆ.

ಮೊದಲು ಎರಡು ನಿಮಿಷದ ಎರಡು ಪರೀಕ್ಷೆ

ಏನನ್ನೂ ಅಳಿಸುವ ಮುಂಚೆ ಇವೆರಡನ್ನು ಮಾಡಿ. ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಒಂದು. ಕಮಾಂಡ್ ಪ್ರಾಂಪ್ಟ್, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ ತೆರೆಯಿರಿ. ಕಾಟ ಕೊಡುವ ಫೋಲ್ಡರ್‌ಗೆ ಹೋಗಿ ಡಿಐಆರ್ (dir) ಆಜ್ಞೆ ಕೊಡಿ. ಇದು ಫೈಲುಗಳ ಹೆಸರನ್ನು ನೇರವಾಗಿ ಡಿಸ್ಕಿನಿಂದ ಓದುತ್ತದೆ. ನಡುವೆ ಯಾವ ಶೆಲ್ ಎಕ್ಸ್‌ಟೆನ್ಶನ್ನೂ ಬರುವುದಿಲ್ಲ. ಹೆಸರುಗಳು ಸರಸರ ಓಡಿ ಮುಗಿದರೆ ಡಿಸ್ಕ್ ಬಹುಶಃ ಚೆನ್ನಾಗಿದೆ, ಕಾಟ ಹೆಚ್ಚಾಗಿ ಮೇಲಿನ ತುಣುಕುಗಳದು. ಇಲ್ಲಿಯೂ ತೆವಳಿದರೆ ಡಿಸ್ಕ್, ನೆಟ್‌ವರ್ಕ್ ಅಥವಾ ಆಂಟಿವೈರಸ್ ಕಡೆ ನೋಡಬೇಕು. ಹಳೆಯ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಈ ಬರಹ ಅಲ್ಲಿಗೇ ಬಿಟ್ಟು ಮೊದಲು ಡೇಟಾ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡುವ ಊರುಗಳಲ್ಲಿ, ಯುಪಿಎಸ್ ಬ್ಯಾಟರಿ ಸತ್ತಿರುವ ಅಂಗಡಿಗಳಲ್ಲಿ ಇದು ಅಪರೂಪವೇನಲ್ಲ. ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಟೂಲ್ಸ್, ಚೆಕ್. ಅದನ್ನೂ ಒಮ್ಮೆ ಓಡಿಸಿ.

ಎರಡು. ನೋಟ್‌ಪ್ಯಾಡ್ ತೆರೆದು ಫೈಲ್, ಓಪನ್ ಒತ್ತಿ. ಬರುವ ಕಿಟಕಿಯಲ್ಲಿ ಅದೇ ಫೋಲ್ಡರ್‌ಗೆ ಹೋಗಿ, ಒಂದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ. ನೋಟ್‌ಪ್ಯಾಡ್ ಕೂಡ ಹ್ಯಾಂಗ್ ಆಯಿತೇ, ಬಿದ್ದುಹೋಯಿತೇ? ಹಾಗಾದರೆ ಶೆಲ್ ಎಕ್ಸ್‌ಟೆನ್ಶನ್ ಮೇಲಿನ ಅನುಮಾನ ಬಹಳ ಗಟ್ಟಿಯಾಯಿತು. ಏಕೆಂದರೆ ಓಪನ್ ಮತ್ತು ಸೇವ್ ಕಿಟಕಿಗಳು ಅದೇ ತುಣುಕುಗಳನ್ನು ಆಯಾ ಸಾಫ್ಟ್‌ವೇರ್ ಒಳಗೆ ಎಳೆದುಕೊಳ್ಳುತ್ತವೆ. "ಸೇವ್ ಆ್ಯಸ್ ಒತ್ತಿದ್ರ ಫೋಟೋಶಾಪ್ ಬಂದ್ ಆಗತೈತ್ರಿ" ಎಂಬ ದೂರಿನಲ್ಲಿ ಎಷ್ಟೋ ಸಲ ಫೋಟೋಶಾಪ್‌ನ ತಪ್ಪೇನೂ ಇರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಈಗಿನ ಎಕ್ಸ್‌ಪ್ಲೋರರ್ 64 ಬಿಟ್, ಅದು 64 ಬಿಟ್ ತುಣುಕುಗಳನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಉಳಿದಿರುವ ಹಳೆಯ 32 ಬಿಟ್ ಸಾಫ್ಟ್‌ವೇರ್ 32 ಬಿಟ್ ತುಣುಕುಗಳನ್ನು ಮಾತ್ರ ಕರೆಯುತ್ತದೆ. ಹೀಗಾಗಿ ಎಕ್ಸ್‌ಪ್ಲೋರರ್ ಆರಾಮಾಗಿದ್ದು, ಹಳೆಯ ಸಾಫ್ಟ್‌ವೇರ್‌ನ ಓಪನ್ ಕಿಟಕಿ ಮಾತ್ರ ಬೀಳುತ್ತಿದ್ದರೆ ಹುಡುಕಬೇಕಾದದ್ದು 32 ಬಿಟ್ ತುಣುಕುಗಳ ಪಟ್ಟಿಯಲ್ಲಿ. ಪಟ್ಟಿ ತೋರಿಸುವ ಉಪಕರಣದ ಬಗ್ಗೆ ಮುಂದೆ ಹೇಳಿದ್ದೇನೆ.

ಲಕ್ಷಣದಿಂದ ದಿಕ್ಕು ಹಿಡಿಯುವುದು

"ಸ್ಲೋ ಐತಿ" ಎಂದರೆ ಏನೂ ತಿಳಿಯುವುದಿಲ್ಲ. ಯಾವಾಗ, ಎಲ್ಲಿ, ಯಾವ ಫೈಲಿನ ಮೇಲೆ ಎಂದು ಕೇಳಬೇಕು.

ರೈಟ್ ಕ್ಲಿಕ್ ಮಾಡಿದಾಗ ಮಾತ್ರ ಕಾಟವಾದರೆ ಅದು ಮೆನು ತುಣುಕು. ಫೈಲಿನ ಮೇಲೋ, ಫೋಲ್ಡರ್ ಮೇಲೋ, ಖಾಲಿ ಜಾಗದ ಮೇಲೋ ಎಂದು ಬೇರೆ ಬೇರೆಯಾಗಿ ಪರೀಕ್ಷಿಸಿ. ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ಮಾತ್ರ ತಡವಾದರೆ ಗ್ರಾಫಿಕ್ಸ್ ಡ್ರೈವರ್ ಸೇರಿಸಿದ ಸಾಲನ್ನು ಮೊದಲು ಅನುಮಾನಿಸಿ. ವಿಂಡೋಸ್ 11ರಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಮೊದಲು ಬರುವ ಚಿಕ್ಕ ಮೆನು ಬೇಗ ಬಂದು, "ಶೋ ಮೋರ್ ಆಪ್ಶನ್ಸ್" ಒತ್ತಿದಾಗ ಮಾತ್ರ ಹ್ಯಾಂಗ್ ಆದರೆ ಅದು ಹಳೆಯ ಮಾದರಿಯ ಮೆನು ತುಣುಕು. ಶಿಫ್ಟ್ ಹಿಡಿದು ಎಫ್10 ಒತ್ತಿದರೂ ಹಳೆಯ ಮೆನುವೇ ಬರುತ್ತದೆ.

ಬರೀ ಫೋಟೋ ಅಥವಾ ವಿಡಿಯೋ ಇರುವ ಫೋಲ್ಡರ್ ತೆವಳಿದರೆ ಥಂಬ್‌ನೇಲ್ ಕಡೆ ನೋಡಿ. ವಿಜಯಪುರದ ಒಂದು ಫೋಟೋ ಸ್ಟುಡಿಯೋ ಎಂದುಕೊಳ್ಳಿ. ಮದುವೆ ಸೀಸನ್ನಿನಲ್ಲಿ ಒಂದೊಂದು ಫೋಲ್ಡರ್‌ನಲ್ಲಿ ಸಾವಿರಾರು ಫೋಟೋ, ನಡುನಡುವೆ ದೊಡ್ಡ ವಿಡಿಯೋ. ಬಗೆಬಗೆಯ ವಿಡಿಯೋ ಓಡಲೆಂದು ಯಾವುದೋ ಕಾಲದಲ್ಲಿ ಹಾಕಿದ ಕೋಡೆಕ್ ಪ್ಯಾಕ್, ಪಿಎಸ್‌ಡಿ ಫೈಲಿನ ಚಿತ್ರ ತೋರಿಸಲೆಂದು ಹಾಕಿದ ಇನ್ನೊಂದು ಉಚಿತ ಸಾಫ್ಟ್‌ವೇರ್. ಪ್ರತಿ ಫೈಲಿಗೂ ಇವು ಕೈ ಹಾಕುತ್ತವೆ. ಥಂಬ್‌ನೇಲ್ ಕೆಲಸ ಸಾಮಾನ್ಯವಾಗಿ ಬೇರೆ ಪ್ರೋಗ್ರಾಂನಲ್ಲಿ ನಡೆಯುತ್ತದೆ, ಅದರ ಹೆಸರು ಕಾಮ್ ಸರೋಗೇಟ್. "ಕಾಮ್ ಸರೋಗೇಟ್ ಹ್ಯಾಸ್ ಸ್ಟಾಪ್ಡ್ ವರ್ಕಿಂಗ್" ಎಂಬ ಸಂದೇಶ ಬಂದರೆ ಅನುಮಾನ ಕೋಡೆಕ್ ಮೇಲೆ, ಇಲ್ಲವೇ ಅರ್ಧಕ್ಕೆ ಕಾಪಿಯಾಗಿ ಕೆಟ್ಟ ಒಂದು ವಿಡಿಯೋ ಫೈಲಿನ ಮೇಲೆ. ಖಚಿತ ಮಾಡಿಕೊಳ್ಳಲು ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬ್‌ನಲ್ಲಿ "ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್" ಎಂಬುದಕ್ಕೆ ಟಿಕ್ ಹಾಕಿ. ಫೋಲ್ಡರ್ ತಕ್ಷಣ ತೆರೆದರೆ ಉತ್ತರ ಸಿಕ್ಕಿತು.

ಫೈಲನ್ನು ಸುಮ್ನೆ ಒಮ್ಮೆ ಒತ್ತಿದರೂ ಬೀಳುತ್ತದೆಯೇ? ಪ್ರಿವ್ಯೂ ಪೇನ್ ತೆರೆದಿರಬಹುದು. ಆಲ್ಟ್ ಮತ್ತು ಪಿ ಒತ್ತಿ ಮುಚ್ಚಿ ನೋಡಿ.

ಯಾವ ಫೋಲ್ಡರ್ ತೆರೆದರೂ ನಿಧಾನ, ಫೈಲ್ ಜಾಸ್ತಿ ಇದ್ದಷ್ಟೂ ಇನ್ನೂ ನಿಧಾನ ಎಂದಾದರೆ ಐಕಾನ್ ಮೇಲೆ ಗುರುತು ಅಂಟಿಸುವ ತುಣುಕುಗಳನ್ನು ನೋಡಬೇಕು. ಕಾಣುವ ಪ್ರತಿ ಫೈಲಿಗೂ ಎಕ್ಸ್‌ಪ್ಲೋರರ್ ಇವುಗಳನ್ನು ಕೇಳುತ್ತದೆ: ಇದಕ್ಕೆ ನಿನ್ನ ಗುರುತು ಹಾಕಲೇ? ಮೋಡದ ಸ್ಟೋರೇಜ್ (ಕ್ಲೌಡ್, ಅಂದರೆ ಫೈಲನ್ನು ಇಂಟರ್‌ನೆಟ್‌ನಲ್ಲಿ ಇಡುವ ಸೇವೆ) ಎರಡು ಮೂರು ಕಂಪನಿಯದ್ದು ಇದ್ದರೆ ಅಷ್ಟೂ ತುಣುಕುಗಳಿಗೆ ಪ್ರಶ್ನೆ ಹೋಗುತ್ತದೆ. ಇಂಥ ಗುರುತುಗಳಿಗೆ ವಿಂಡೋಸ್‌ನಲ್ಲಿ ಇರುವುದು ಒಟ್ಟು 15 ಜಾಗ. ಅದರಲ್ಲಿ ಕೆಲವು ವಿಂಡೋಸ್‌ಗೇ ಬೇಕು. ಉಳಿದ ಜಾಗ ಹಂಚಿಕೆಯಾಗುವುದು ಹೆಸರಿನ ಅಕ್ಷರ ಕ್ರಮದಲ್ಲಿ. ಹಾಗಾಗಿ ಕೆಲವು ಕಂಪನಿಗಳು ತಮ್ಮ ಹೆಸರಿನ ಮುಂದೆ ಖಾಲಿ ಜಾಗ ಸೇರಿಸಿ ಸಾಲಿನಲ್ಲಿ ಮುಂದೆ ನಿಲ್ಲುತ್ತವೆ! ಹಿಂದೆ ಬಿದ್ದವರ ಗುರುತು ಕಾಣುವುದೇ ಇಲ್ಲ. ನಿಮ್ಮ ಹಸಿರು ಟಿಕ್ ಒಂದು ದಿನ ಮಾಯವಾದರೆ ಕಾರಣ ಇದಿರಬಹುದು. ಮಚ್ಛೆಯಲ್ಲಿರುವ ವಿಟಿಯು ಕಡೆಯ ಎಂಜಿನಿಯರಿಂಗ್ ಹುಡುಗರ ಲ್ಯಾಪ್‌ಟಾಪ್‌ಗಳಲ್ಲಿ ಇದು ಬೇಗ ತುಂಬುತ್ತದೆ. ಕೋಡ್ ಇಡಲು ಟಾರ್ಟಾಯ್ಸ್‌ಗಿಟ್ ಒಂದು, ಆಟೋಕ್ಯಾಡ್‌ನ ಡಿಜಿಟಲ್ ಸಹಿಯ ಗುರುತು ಒಂದು, ಮೋಡದ ಸ್ಟೋರೇಜ್ ಎರಡು.

ಇನ್ನು ಎಕ್ಸ್‌ಪ್ಲೋರರ್ ತೆರೆದ ಕೂಡಲೇ, ಯಾವ ಫೋಲ್ಡರಿಗೂ ಹೋಗುವ ಮುಂಚೆಯೇ ನಿಂತುಬಿಟ್ಟರೆ? ಇದು ಹೆಚ್ಚಾಗಿ ಸಾಫ್ಟ್‌ವೇರ್ ಜಗಳವಲ್ಲ, ಸತ್ತ ನೆಟ್‌ವರ್ಕ್ ದಾರಿ. ಇಳಕಲ್‌ನ ಒಂದು ಸೀರೆ ಅಂಗಡಿಯಲ್ಲಿ ಬಿಲ್ಲಿಂಗ್ ಮಷಿನ್‌ನ ಫೋಲ್ಡರನ್ನು ಕೌಂಟರಿನ ಮಷಿನ್‌ಗೆ ಝಡ್ ಡ್ರೈವ್ ಎಂದು ಜೋಡಿಸಿದ್ದಾರೆ ಎಂದುಕೊಳ್ಳಿ. ಬಿಲ್ಲಿಂಗ್ ಮಷಿನ್ ಬಂದ್ ಇದ್ದರೆ ಕೌಂಟರಿನದು ಅದಕ್ಕಾಗಿ ಕಾಯುತ್ತಾ ಕೂರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಡೀಟೇಲ್ಸ್ ಟ್ಯಾಬ್‌ನಲ್ಲಿ ಎಕ್ಸ್‌ಪ್ಲೋರರ್ ಮೇಲೆ ರೈಟ್ ಕ್ಲಿಕ್ ಮಾಡಿ "ಅನಲೈಸ್ ವೇಟ್ ಚೈನ್" ಒತ್ತಿ. ನೆಟ್‌ವರ್ಕ್‌ಗೆ ಕಾಯುತ್ತಿದ್ದರೆ ಅದು ಅಲ್ಲಿ ಬರೆದಿರುತ್ತದೆ. ಬೇಡವಾದ ಡ್ರೈವನ್ನು ಡಿಸ್‌ಕನೆಕ್ಟ್ ಮಾಡಿ. ಜೊತೆಗೆ ಫೋಲ್ಡರ್ ಆಪ್ಶನ್ಸ್‌ನ ಜನರಲ್ ಟ್ಯಾಬ್‌ನಲ್ಲಿ ಎಕ್ಸ್‌ಪ್ಲೋರರ್ "ದಿಸ್ ಪಿಸಿ"ಗೆ ತೆರೆಯಲಿ ಎಂದು ಆರಿಸಿ, ಹಿಸ್ಟರಿ ಕ್ಲಿಯರ್ ಮಾಡಿ. ಹಳೆಯ ಪೆನ್‌ಡ್ರೈವ್, ಹಳೆಯ ಶೇರ್‌ಗಳ ನೆನಪು ಅಲ್ಲೇ ಕೂತಿರುತ್ತದೆ.

ಬಿದ್ದದ್ದಕ್ಕೆ ಸಾಕ್ಷಿ ಓದುವುದು

ನಿಧಾನವಾಗುವುದಲ್ಲ, ನಿಜವಾಗಿಯೇ ಬೀಳುತ್ತಿದೆ ಎಂದರೆ ನಿಮ್ಮ ಕೆಲಸ ಇನ್ನೂ ಸುಲಭ. ವಿಂಡೋಸ್ ಅದನ್ನು ಬರೆದಿಟ್ಟಿರುತ್ತದೆ.

ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿ. "ವ್ಯೂ ರಿಲಯಬಿಲಿಟಿ ಹಿಸ್ಟರಿ" ಬರುತ್ತದೆ. ದಿನವಾರು ಪಟ್ಟಿಯಲ್ಲಿ ಕೆಂಪು ಗುರುತು ಇರುವ ದಿನ ಒತ್ತಿ, ಕೆಳಗೆ ವಿಂಡೋಸ್ ಎಕ್ಸ್‌ಪ್ಲೋರರ್ ಸಾಲಿನ ಪಕ್ಕ "ವ್ಯೂ ಟೆಕ್ನಿಕಲ್ ಡೀಟೇಲ್ಸ್" ತೆರೆಯಿರಿ. ಅಲ್ಲಿ "ಫಾಲ್ಟ್ ಮಾಡ್ಯೂಲ್ ನೇಮ್" ಎಂಬ ಸಾಲು ಇದೆ. ನಿಮಗೆ ಬೇಕಾದದ್ದು ಅದು. ವಿಂಡೋಸ್ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ರೂಢಿ ಇದ್ದವರು ವಿಂಡೋಸ್ ಲಾಗ್ಸ್, ಆ್ಯಪ್ಲಿಕೇಶನ್‌ಗೆ ಹೋಗಿ ನೋಡಬಹುದು. ಬಿದ್ದದ್ದು 1000 ಎಂಬ ಈವೆಂಟ್ ಸಂಖ್ಯೆಯಲ್ಲಿ, ಹ್ಯಾಂಗ್ ಆದದ್ದು 1002ರಲ್ಲಿ ಇರುತ್ತದೆ.

ಮಾಡ್ಯೂಲ್ ಹೆಸರು ಒಂದು ಡಿಎಲ್‌ಎಲ್ ಫೈಲಿನದು, ಅಂದರೆ ಬೇರೆ ಪ್ರೋಗ್ರಾಂ ಒಳಗೆ ಸೇರಿಕೊಂಡು ಓಡುವ ಕೋಡ್ ಇರುವ ಫೈಲಿನದು. ಅದರ ಪೂರ್ತಿ ದಾರಿಯೂ ಈವೆಂಟ್ ವ್ಯೂವರ್‌ನಲ್ಲಿ ಇರುತ್ತದೆ. ಪ್ರೋಗ್ರಾಂ ಫೈಲ್ಸ್ ಒಳಗಿನ ಯಾವುದೋ ಸಾಫ್ಟ್‌ವೇರ್ ಫೋಲ್ಡರಿಗೆ ಆ ದಾರಿ ಹೋದರೆ ಹೆಚ್ಚುಕಡಿಮೆ ಕಳ್ಳ ಸಿಕ್ಕ. ಆದರೆ ಎನ್‌ಟಿಡಿಎಲ್‌ಎಲ್ ಅಥವಾ ಕರ್ನಲ್‌ಬೇಸ್ ಎಂದು ಕಂಡರೆ ಮೋಸ ಹೋಗಬೇಡಿ. ಇವು ವಿಂಡೋಸ್‌ನದೇ ಫೈಲುಗಳು. ಬೇರೆ ಯಾರೋ ಮೆಮೊರಿ ಕೆಡಿಸಿ ಹೋದ ಮೇಲೆ, ಕೊನೆಗೆ ಎಡವಿ ಬಿದ್ದ ಜಾಗ ಮಾತ್ರ ಅದು. ಆ ಡಿಎಲ್‌ಎಲ್ ಅನ್ನೇ ಯಾವುದೋ ಜಾಲತಾಣದಿಂದ ಡೌನ್‌ಲೋಡ್ ಮಾಡಿ ಹಾಕಿ ಎನ್ನುವ ಸಲಹೆ ಸಿಗುತ್ತದೆ. ಖಂಡಿತ ಬೇಡ. ವೈರಸ್ ಹಾಕಿಸಿಕೊಳ್ಳಲು ಅದಕ್ಕಿಂತ ಸುಲಭ ದಾರಿ ಇಲ್ಲ. ಇಂಥ ಹೆಸರು ಬಂದರೆ ನೇರವಾಗಿ ಮುಂದಿನ ಕೆಲಸಕ್ಕೆ ಹೋಗಿ.

ಅರ್ಧರ್ಧ ಮಾಡಿ ಹುಡುಕುವುದು

ಈ ಬರಹದ ಮುಖ್ಯ ಭಾಗ ಇದೇ. ನಿಧಾನವಾಗಿ ಓದಿ.

ಬೇಕಾದದ್ದು ಶೆಲ್‌ಎಕ್ಸ್‌ವ್ಯೂ ಎಂಬ ಪುಟ್ಟ ಉಚಿತ ಉಪಕರಣ. ನಿರ್‌ಸಾಫ್ಟ್‌ನದು. ಅವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ, 64 ಬಿಟ್ ಆವೃತ್ತಿ ಆರಿಸಿ. ಇನ್‌ಸ್ಟಾಲ್ ಮಾಡುವ ಕೆಲಸವಿಲ್ಲ, ಝಿಪ್ ಬಿಚ್ಚಿ ಅಡ್ಮಿನ್ ಆಗಿ ಓಡಿಸಿದರೆ ಸಾಕು. ಅದಕ್ಕೂ ಮುಂಚೆ ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ, ಏನಾದರೂ ಎಡವಟ್ಟಾದರೆ ವಿಂಡೋಸನ್ನು ಈಗಿನ ಸ್ಥಿತಿಗೆ ವಾಪಸ್ ತರಲು. ಸ್ಟಾರ್ಟ್‌ನಲ್ಲಿ ರಿಸ್ಟೋರ್ ಪಾಯಿಂಟ್ ಎಂದು ಹುಡುಕಿದರೆ ಸಿಗುತ್ತದೆ.

1. ಶೆಲ್‌ಎಕ್ಸ್‌ವ್ಯೂ ಪಟ್ಟಿ ಮೊದಲ ಸಲ ನೋಡಿದರೆ ಗಾಬರಿಯಾಗುತ್ತದೆ, ಅಷ್ಟು ಉದ್ದ. ಆಪ್ಶನ್ಸ್ ಮೆನುವಿನಲ್ಲಿ "ಹೈಡ್ ಆಲ್ ಮೈಕ್ರೋಸಾಫ್ಟ್ ಎಕ್ಸ್‌ಟೆನ್ಶನ್ಸ್" ಒತ್ತಿ. ಉಳಿಯುವುದು ಹೊರಗಿನವರು ಮಾತ್ರ. ಮೈಕ್ರೋಸಾಫ್ಟ್‌ನವುಗಳಿಗೆ ಕೈ ಹಚ್ಚುವ ಅಗತ್ಯ ಬಹುತೇಕ ಬರುವುದಿಲ್ಲ.

2. ಟೈಪ್ ಎಂಬ ಕಾಲಂ ಒತ್ತಿ ವಿಂಗಡಿಸಿ. ನಿಮ್ಮ ಲಕ್ಷಣ ರೈಟ್ ಕ್ಲಿಕ್ ಆಗಿದ್ದರೆ ಕಾಂಟೆಕ್ಸ್ಟ್ ಮೆನು ಬಗೆಯವು, ಎಲ್ಲಾ ಫೋಲ್ಡರ್ ನಿಧಾನವಾಗಿದ್ದರೆ ಐಕಾನ್ ಓವರ್‌ಲೇ ಬಗೆಯವು, ಫೋಟೋ ಫೋಲ್ಡರ್ ಆಗಿದ್ದರೆ ಥಂಬ್‌ನೇಲ್ ಮತ್ತು ಪ್ರಾಪರ್ಟಿ ಬಗೆಯವು. ಮೇಲೆ ಲಕ್ಷಣ ಕೇಳಿದ್ದು ಇದಕ್ಕೇ.

3. ಈಗ ಪಟ್ಟಿಯ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಯಾವುದು ಮೊದಲೇ ಬಂದ್ ಇತ್ತು, ಯಾವುದನ್ನು ನೀವು ಬಂದ್ ಮಾಡಿದಿರಿ ಎಂಬುದು ನೆನಪಿರುವುದಿಲ್ಲ.

4. ಆ ಬಗೆಯ ಎಲ್ಲವನ್ನೂ ಆರಿಸಿ ಎಫ್7 ಒತ್ತಿ. ಬಂದ್ ಆಗುತ್ತವೆ. ಇದು ಯಾವ ಫೈಲನ್ನೂ ಅಳಿಸುವುದಿಲ್ಲ, ಸಾಫ್ಟ್‌ವೇರ್ ಕೂಡ ಎಂದಿನಂತೆ ಓಡುತ್ತದೆ. ಎಫ್8 ಒತ್ತಿದರೆ ಮತ್ತೆ ಚಾಲೂ.

5. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ವಿಂಡೋಸ್ ಎಕ್ಸ್‌ಪ್ಲೋರರ್ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಒತ್ತಿ. ಇದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ. ಆಗಲೇ ಒಳಗೆ ಸೇರಿದ ಡಿಎಲ್‌ಎಲ್ ಎಕ್ಸ್‌ಪ್ಲೋರರ್ ಮುಚ್ಚುವವರೆಗೆ ಒಳಗೇ ಉಳಿಯಬಹುದು.

6. ಕಾಟ ಹೋಯಿತೇ ನೋಡಿ. ಹೋಗದಿದ್ದರೆ ಆ ಬಗೆಯ ತುಣುಕುಗಳು ನಿರಪರಾಧಿಗಳು. ಎಲ್ಲವನ್ನೂ ಚಾಲೂ ಮಾಡಿ, ಇನ್ನೊಂದು ಬಗೆ ಹಿಡಿಯಿರಿ. ಹೋದರೆ ಅರ್ಧದಷ್ಟನ್ನು ಎಫ್8 ಒತ್ತಿ ಚಾಲೂ ಮಾಡಿ, ಎಕ್ಸ್‌ಪ್ಲೋರರ್ ರೀಸ್ಟಾರ್ಟ್ ಮಾಡಿ. ಕಾಟ ವಾಪಸ್ ಬಂದರೆ ಕಳ್ಳ ಆ ಅರ್ಧದಲ್ಲಿ, ಇಲ್ಲವಾದರೆ ಉಳಿದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. 32 ತುಣುಕು ಇದ್ದರೂ 5 ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಒಂದೊಂದಾಗಿ ಬಂದ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ.

ನಿಜವಾದ ತಲೆನೋವು ಬೇರೆ ಇದೆ. ಕೆಲವೊಮ್ಮೆ ಮೊದಲ ಅರ್ಧ ಚಾಲೂ ಮಾಡಿದರೂ ಆರಾಮ, ಎರಡನೆಯ ಅರ್ಧ ಚಾಲೂ ಮಾಡಿದರೂ ಆರಾಮ, ಎರಡೂ ಸೇರಿದರೆ ಮಾತ್ರ ಬೀಳುತ್ತದೆ. ಇದು ಎರಡು ಸಾಫ್ಟ್‌ವೇರ್‌ಗಳ ನಡುವಿನ ಜಗಳ. ಒಂದೊಂದೇ ಇದ್ದರೆ ಎರಡೂ ಸಾಧು. ಹೆಚ್ಚಿನವರು ಇಲ್ಲಿ ಕೈಚೆಲ್ಲಿ ಫಾರ್ಮ್ಯಾಟ್‌ಗೆ ಹೋಗುತ್ತಾರೆ. ಮಾಡಬೇಕಾದದ್ದು ಇಷ್ಟು: ಮೊದಲ ಅರ್ಧವನ್ನು ಪೂರ್ತಿ ಚಾಲೂ ಇಟ್ಟೇ, ಎರಡನೆಯ ಅರ್ಧವನ್ನು ಮಾತ್ರ ಅರ್ಧರ್ಧ ಮಾಡುತ್ತಾ ಹೋಗಿ. ಒಬ್ಬ ಜಗಳಗಂಟ ಸಿಗುತ್ತಾನೆ. ಈಗ ಅವನನ್ನು ಚಾಲೂ ಇಟ್ಟು, ಮೊದಲ ಅರ್ಧವನ್ನು ಅದೇ ರೀತಿ ಒಡೆಯಿರಿ. ಎರಡನೆಯವನೂ ಸಿಗುತ್ತಾನೆ. ಇಬ್ಬರಲ್ಲಿ ಯಾರು ಬೇಡ ಎಂಬುದು ನಿಮ್ಮ ಆಯ್ಕೆ.

ಒಂದು ಮಾತು. ಕಾಟ ಅಪರೂಪಕ್ಕೆ, ದಿನಕ್ಕೊಮ್ಮೆ ಬರುವಂಥದ್ದಾದರೆ ಪ್ರತಿ ಸುತ್ತಿಗೆ ಐದು ನಿಮಿಷ ಸಾಲದು. ಆಗ ಒಂದು ಅರ್ಧ ಬಂದ್ ಮಾಡಿ ಒಂದೆರಡು ದಿನ ಮಾಮೂಲಿ ಕೆಲಸ ಮಾಡಿ, ಆಮೇಲೆ ತೀರ್ಮಾನಕ್ಕೆ ಬನ್ನಿ. ಅವಸರ ಮಾಡಿದರೆ ತಪ್ಪು ಸಾಫ್ಟ್‌ವೇರ್ ಶಿಕ್ಷೆ ಅನುಭವಿಸುತ್ತದೆ.

ಕ್ಲೀನ್ ಬೂಟ್ ಮಾಡಿದ್ದೇನೆ, ಆದರೂ ಹೋಗಿಲ್ಲ ಎನ್ನುವವರಿಗೆ

ಕ್ಲೀನ್ ಬೂಟ್ ಎಂದರೆ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಸರ್ವೀಸಸ್ ಟ್ಯಾಬ್‌ನಲ್ಲಿ ಮೈಕ್ರೋಸಾಫ್ಟ್‌ನವುಗಳನ್ನು ಮರೆಮಾಡಿ ಉಳಿದವನ್ನು ಬಂದ್ ಮಾಡುವುದು, ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯನ್ನೂ ಬಂದ್ ಮಾಡುವುದು, ಮಷಿನ್ ರೀಸ್ಟಾರ್ಟ್ ಮಾಡುವುದು. ಒಳ್ಳೆಯ ಪರೀಕ್ಷೆಯೇ. ಆದರೆ ಅದು ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು ತಡೆಯುತ್ತದೆಯೇ ಹೊರತು ಶೆಲ್ ಎಕ್ಸ್‌ಟೆನ್ಶನ್‌ಗಳನ್ನಲ್ಲ. ಅವು ಸ್ಟಾರ್ಟಪ್ ಪಟ್ಟಿಯಲ್ಲಿ ಇರುವುದೇ ಇಲ್ಲ, ಎಕ್ಸ್‌ಪ್ಲೋರರ್ ಬೇಕಾದಾಗ ಅವುಗಳನ್ನು ಕರೆಯುತ್ತದೆ. ಹಾಗಾಗಿ "ಕ್ಲೀನ್ ಬೂಟ್‌ನಲ್ಲೂ ಬಿತ್ತು, ಅಂದಮೇಲೆ ವಿಂಡೋಸ್‌ದೇ ತಪ್ಪು" ಎಂಬ ತೀರ್ಪು ಕೊಡಬೇಡಿ.

ಶೆಲ್‌ಎಕ್ಸ್‌ವ್ಯೂನಲ್ಲಿ ಏನೂ ಸಿಗದೆ, ಕ್ಲೀನ್ ಬೂಟ್‌ನಲ್ಲಿ ಕಾಟ ಹೋದರೆ ಮಾತ್ರ ಕಳ್ಳ ಹಿನ್ನೆಲೆ ಪ್ರೋಗ್ರಾಂಗಳಲ್ಲಿದ್ದಾನೆ. ಅಲ್ಲಿಯೂ ಅದೇ ಅರ್ಧರ್ಧ ಪದ್ಧತಿ. ಮೊದಲು ಅನುಮಾನಿಸಬೇಕಾದವರು: ಹಳೆಯ ಸ್ಟಾರ್ಟ್ ಮೆನು ತರುವ, ಟಾಸ್ಕ್‌ಬಾರಿನ ಚಹರೆ ಬದಲಿಸುವ ಸಾಫ್ಟ್‌ವೇರ್‌ಗಳು. ಇವು ಎಕ್ಸ್‌ಪ್ಲೋರರ್‌ನ ಒಳಗಿನ ಕೋಡಿಗೇ ಕೊಕ್ಕೆ ಹಾಕುತ್ತವೆ. ವಿಂಡೋಸ್ ಅಪ್‌ಡೇಟ್ ಬಂದು ಒಳಗಿನ ಕೋಡ್ ಬದಲಾದರೆ ಕೊಕ್ಕೆ ತಪ್ಪಿ ಬೇರೆಲ್ಲೋ ಸಿಕ್ಕಿಕೊಳ್ಳುತ್ತದೆ. "ಅಪ್‌ಡೇಟ್ ಆದ ಮ್ಯಾಲೆ ಡೆಸ್ಕ್‌ಟಾಪ್ ಮಿಣಕ್ ಮಿಣಕ್ ಆಗಾಕ ಹತ್ತೈತ್ರಿ" ಎಂದರೆ ಮೊದಲು ಇದನ್ನೇ ಕೇಳುವುದು. ಕನ್ನಡ ಟೈಪಿಂಗ್ ಸಾಫ್ಟ್‌ವೇರ್, ಸ್ಕ್ರೀನ್ ರೆಕಾರ್ಡರ್, ಕ್ಲಿಪ್‌ಬೋರ್ಡ್ ನೆನಪಿಡುವ ಸಾಫ್ಟ್‌ವೇರ್ ಕೂಡ ಎಲ್ಲಾ ಕಿಟಕಿಗಳ ಮೇಲೆ ಕಣ್ಣಿಟ್ಟಿರುತ್ತವೆ. ಅವನ್ನೂ ಒಮ್ಮೆ ಮುಚ್ಚಿ ನೋಡಿ.

ಎರಡು ಆಂಟಿವೈರಸ್

ಒಂದೇ ಮಷಿನ್‌ನಲ್ಲಿ ಹೊರಗಿನ ಎರಡು ಆಂಟಿವೈರಸ್ ಇರಬಾರದು. ಫೈಲ್ ತೆರೆದರೆ ಒಂದು ತಡೆದು ನೋಡುತ್ತದೆ, ಅದು ನೋಡುವುದನ್ನು ಇನ್ನೊಂದು ತಡೆದು ನೋಡುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಅವಧಿ ಮುಗಿದದ್ದು ಒಂದು, ಅಂಗಡಿಯವರು ಹಾಕಿಕೊಟ್ಟದ್ದು ಇನ್ನೊಂದು, ಹೀಗೆ ಗೊತ್ತಿಲ್ಲದೇ ಎರಡಾಗಿರುತ್ತದೆ. ವಿಂಡೋಸ್ ಸೆಕ್ಯುರಿಟಿ ತೆರೆದು ಸೆಟ್ಟಿಂಗ್ಸ್‌ನಲ್ಲಿ "ಮ್ಯಾನೇಜ್ ಪ್ರೊವೈಡರ್ಸ್" ನೋಡಿದರೆ ಯಾರ್ಯಾರಿದ್ದಾರೆ ತಿಳಿಯುತ್ತದೆ. ಹೊರಗಿನದು ಚಾಲೂ ಇದ್ದರೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಹಾಗಾಗಿ ಅದರ ಜೊತೆ ಜಗಳ ಕಡಿಮೆ. ತೆಗೆಯುವಾಗ ಆಯಾ ಕಂಪನಿಯೇ ಕೊಡುವ ರಿಮೂವಲ್ ಟೂಲ್ ಬಳಸಿ. ಮಾಮೂಲಿ ಅನ್‌ಇನ್‌ಸ್ಟಾಲ್ ಆದ ಮೇಲೂ ಡ್ರೈವರ್‌ಗಳು ಉಳಿದಿರಬಹುದು.

ಪರೀಕ್ಷೆಗೆಂದು ಆಂಟಿವೈರಸ್ ಬಂದ್ ಮಾಡುವಾಗ ಮೊದಲು ಇಂಟರ್‌ನೆಟ್ ಮತ್ತು ಪೆನ್‌ಡ್ರೈವ್ ಕಿತ್ತು ಹಾಕಿ. ತಿಲಕವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಒಂದು ದಿನಕ್ಕೆ ಎಷ್ಟು ಪೆನ್‌ಡ್ರೈವ್ ಬರುತ್ತವೆ, ಅದರಲ್ಲಿ ಎಷ್ಟರಲ್ಲಿ ಶಾರ್ಟ್‌ಕಟ್ ವೈರಸ್ ಇರುತ್ತದೆ ಎಂದು ಅಲ್ಲಿ ಕೂತವರಿಗೆ ಗೊತ್ತು. ನಿಧಾನ ಎಂದು ಕಾಯಂ ಬಂದ್ ಮಾಡಿಡುವುದು ಮೂರ್ಖತನ.

ಕಳ್ಳ ಸಿಕ್ಕ ಮೇಲೆ

ಮೊದಲು ಆ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿ ಇದೆಯೇ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತದೆ. ಆಮೇಲೆ ಅದರದೇ ಸೆಟ್ಟಿಂಗ್ಸ್ ಒಳಗೆ ಎಕ್ಸ್‌ಪ್ಲೋರರ್ ಜೋಡಣೆ ತೆಗೆಯುವ ಆಯ್ಕೆ ಹುಡುಕಿ. ವಿನ್‌ರಾರ್‌ನಲ್ಲಿ ಅದು ಇಂಟಿಗ್ರೇಶನ್ ಟ್ಯಾಬ್‌ನಲ್ಲಿದೆ, 7-ಝಿಪ್‌ನಲ್ಲಿ ಟೂಲ್ಸ್ ಮೆನುವಿನ ಆಪ್ಶನ್ಸ್‌ನಲ್ಲಿದೆ. ಎರಡೂ ಹಾಕಿಕೊಂಡಿದ್ದರೆ ಒಂದರ ಮೆನು ಸಾಕಲ್ಲ! ಶೆಲ್‌ಎಕ್ಸ್‌ವ್ಯೂನಲ್ಲಿ ಬಂದ್ ಮಾಡಿ ಬಿಡುವುದಕ್ಕಿಂತ ಈ ದಾರಿ ನನಗೆ ಇಷ್ಟ. ಮುಂದೆ ಬೇರೆ ಯಾರಾದರೂ ಮಷಿನ್ ನೋಡಿದರೆ ಅವರಿಗೂ ಅರ್ಥವಾಗುತ್ತದೆ.

ಉದ್ಯಮಬಾಗದ ಡ್ರಾಯಿಂಗ್ ಆಫೀಸುಗಳಂಥ ಕಡೆ ತೆಗೆಯಲಾಗದ ಸಾಫ್ಟ್‌ವೇರ್ ಇರುತ್ತದೆ. ಕ್ಯಾಡ್ ಬೇಕೇ ಬೇಕು. ಆಗ ಅದರ ಥಂಬ್‌ನೇಲ್ ಅಥವಾ ಗುರುತು ಅಂಟಿಸುವ ತುಣುಕನ್ನು ಮಾತ್ರ ಬಂದ್ ಮಾಡಿ, ಡ್ರಾಯಿಂಗ್ ಕೆಲಸಕ್ಕೆ ತೊಂದರೆ ಇಲ್ಲ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಗ್ಗೆ ಉಪದೇಶ ಮಾಡುವುದಿಲ್ಲ. ಆದರೆ ಅಪ್‌ಡೇಟ್ ಆಗದ, ಜೊತೆಗೆ ಏನೇನು ಅಂಟಿಸಿಕೊಂಡು ಬಂದಿದೆ ಎಂದು ಗೊತ್ತಿಲ್ಲದ ಡಿಎಲ್‌ಎಲ್ ಎಕ್ಸ್‌ಪ್ಲೋರರ್ ಒಳಗೆ ಕೂತಿದ್ದರೆ ಅದನ್ನು ಸರಿ ಮಾಡುವ ದಾರಿ ಯಾರ ಬಳಿಯೂ ಇಲ್ಲ. ಅನುಮಾನವಿದ್ದರೆ ಆಟೋರನ್ಸ್ ಓಡಿಸಿ. ಇದು ಸಿಸ್‌ಇಂಟರ್ನಲ್ಸ್ ಎಂಬ ಉಪಕರಣಗಳ ಗುಂಪಿನದು, 2006ರಿಂದ ಮೈಕ್ರೋಸಾಫ್ಟ್ ಕೈಯಲ್ಲಿದೆ. ಅದರ ಎಕ್ಸ್‌ಪ್ಲೋರರ್ ಟ್ಯಾಬ್‌ನಲ್ಲಿ ಇವೇ ತುಣುಕುಗಳು ಕಾಣುತ್ತವೆ. ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಸಹಿ ಪರೀಕ್ಷೆ ಚಾಲೂ ಮಾಡಿದರೆ ಯಾವುದಕ್ಕೆ ಕಂಪನಿಯ ಡಿಜಿಟಲ್ ಸಹಿ ಇಲ್ಲ ಎಂಬುದೂ ತಿಳಿಯುತ್ತದೆ. ಸಹಿ ಇಲ್ಲದ್ದೆಲ್ಲ ವೈರಸ್ ಅಲ್ಲ. ಆದರೆ ಮೊದಲು ಟಿಕ್ ತೆಗೆದು ನೋಡಬೇಕಾದವು ಅವೇ.

ಹುಡುಕಾಟ ಮುಗಿಯುವವರೆಗೆ ಅಂಗಡಿ ನಡೆಯಬೇಕಲ್ಲ, ಅದಕ್ಕೊಂದು ತಾತ್ಕಾಲಿಕ ಉಪಾಯ. ಫೋಲ್ಡರ್ ಆಪ್ಶನ್ಸ್‌ನ ವ್ಯೂ ಟ್ಯಾಬ್‌ನಲ್ಲಿ "ಲಾಂಚ್ ಫೋಲ್ಡರ್ ವಿಂಡೋಸ್ ಇನ್ ಎ ಸೆಪರೇಟ್ ಪ್ರೊಸೆಸ್" ಎಂಬುದಕ್ಕೆ ಟಿಕ್ ಹಾಕಿ. ಫೋಲ್ಡರ್ ಕಿಟಕಿ ಬಿದ್ದರೂ ಟಾಸ್ಕ್‌ಬಾರ್ ಉಳಿಯುತ್ತದೆ. ಮೆಮೊರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಇಷ್ಟಾದರೂ ಏನೂ ಸಿಗದಿದ್ದರೆ

ಹೊಸದೊಂದು ಯೂಸರ್ ಅಕೌಂಟ್ ಮಾಡಿ ಅದರಲ್ಲಿ ಲಾಗಿನ್ ಆಗಿ ನೋಡಿ. ಅಲ್ಲಿ ಆರಾಮಿದ್ದರೆ ಕೆಟ್ಟಿರುವುದು ನಿಮ್ಮ ಹಳೆಯ ಅಕೌಂಟಿನ ಸೆಟ್ಟಿಂಗ್ ಮಾತ್ರ. ಫೈಲುಗಳನ್ನು ಹೊಸದಕ್ಕೆ ಸಾಗಿಸಿದರೆ ಸಾಕು.

ಡೌನ್‌ಲೋಡ್ಸ್ ಫೋಲ್ಡರ್ ಒಂದೇ ಮೊಂಡು ಹಿಡಿದರೆ ಅದರ ಪ್ರಾಪರ್ಟೀಸ್, ಕಸ್ಟಮೈಸ್‌ನಲ್ಲಿ "ಜನರಲ್ ಐಟಮ್ಸ್" ಆರಿಸಿ. ಚಿತ್ರದ ಫೋಲ್ಡರ್ ಎಂದು ಗುರುತಾಗಿದ್ದರೆ ಪ್ರತಿ ಫೈಲಿನ ವಿವರ ಓದಲು ಹೋಗಿ ತಡವಾಗುತ್ತಿರುತ್ತದೆ. ಡಿಸ್ಕ್ ಕ್ಲೀನಪ್‌ನಲ್ಲಿ ಥಂಬ್‌ನೇಲ್ಸ್ ಅಳಿಸುವುದೂ ಕೆಲವೊಮ್ಮೆ ಕೆಲಸ ಮಾಡುತ್ತದೆ.

ವಿಂಡೋಸ್‌ನದೇ ಫೈಲ್ ಕೆಟ್ಟಿರುವ ಸಾಧ್ಯತೆ ಕೊನೆಗೆ ಉಳಿಯುತ್ತದೆ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಸ್ಟಮ್ ಫೈಲ್ ಚೆಕರ್ (sfc /scannow) ಓಡಿಸಿ. ಅದಕ್ಕೂ ಬಗ್ಗದಿದ್ದರೆ ಮೈಕ್ರೋಸಾಫ್ಟ್ ಜಾಲತಾಣದಿಂದ ನಿಮ್ಮದೇ ಆವೃತ್ತಿಯ ಐಎಸ್‌ಒ, ಅಂದರೆ ಪೂರ್ತಿ ವಿಂಡೋಸ್ ಇರುವ ಒಂದೇ ಫೈಲ್ ಇಳಿಸಿಕೊಳ್ಳಿ. ವಿಂಡೋಸ್ ನಡೆಯುತ್ತಿರುವಾಗಲೇ ಅದರ ಸೆಟಪ್ ಒತ್ತಿ, "ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್" ಆರಿಸಿ. ವಿಂಡೋಸ್ ಹೊಸದಾಗುತ್ತದೆ, ಫೈಲ್, ಫಾ‍ಂಟು, ಸಾಫ್ಟ್‌ವೇರ್ ಉಳಿಯುತ್ತವೆ. ಆದರೂ ಮೊದಲು ಬ್ಯಾಕಪ್ ಮಾಡಿಕೊಳ್ಳಿ. ಹೀಗೆ ಮಾಡಿದಾಗ ಶೆಲ್ ಎಕ್ಸ್‌ಟೆನ್ಶನ್‌ಗಳೂ ಉಳಿಯುತ್ತವೆ ಎಂಬುದನ್ನು ಮರೆಯಬೇಡಿ. ಅದಕ್ಕೇ ಇದನ್ನು ಮೊದಲು ಮಾಡದೆ ಕೊನೆಗೆ ಇಟ್ಟದ್ದು. ವಿಂಡೋಸ್ 10 ಇದ್ದವರು ಇನ್ನೊಂದು ಯೋಚಿಸಬೇಕು: ಅದಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಷಿನ್ ವಿಂಡೋಸ್ 11 ತಾಳುವಂತಿದ್ದರೆ ಇದೇ ಸಮಯದಲ್ಲಿ ಅದಕ್ಕೆ ಹೋಗಬಹುದು. ಹೋಗುವ ಮುನ್ನ ಸ್ಟಾರ್ಟ್ ಮೆನು ಬದಲಿಸುವ ಸಾಫ್ಟ್‌ವೇರ್ ಮತ್ತು ಎರಡನೆಯ ಆಂಟಿವೈರಸ್ ಇದ್ದರೆ ಎರಡನ್ನೂ ತೆಗೆದುಹಾಕಿ.